ಮುದ್ದಯ್ಯನ ಗೋಡೆಯ ಅರ್ಧ ಮಾತು

ನಮ್ಮೂರಿನಲ್ಲಿ ಮನೆ ಕಟ್ಟಿಸುವವರು ಮೊದಲು ಬೀದಿಗೋಡೆ ಎಷ್ಟು ಅಗಲ ದಕ್ಕುತ್ತದೆ ಅಂತ ಮೊಳ ಹಾಕಿ ನೋಡುತ್ತಾರೆ. ಅಡಿಗೆಮನೆ, ಕೊಟ್ಟಿಗೆ, ಹಿತ್ತಲು ಎಲ್ಲ ಆಮೇಲಿನ ಮಾತು. ಯಾರಾದರೂ ತೀರಿಹೋದರೆ, ತಿಥಿಯ ದಿವಸ ನೆಂಟರು ಉಂಡು ಕೈ ತೊಳೆದ ಮೇಲೆ, ಸತ್ತವರಿಗೆ ಹತ್ತಿರದವರು ಒಬ್ಬರು ಬೀದಿಗೆ ಬಂದು ಗೋಡೆಗೆ ಮುಖ ಮಾಡಿ ನಿಂತು ಮಾತಾಡಬೇಕು. ಆಡಿದ್ದು ಆಡಿದ ಹಾಗೆ ಗೋಡೆಯ ಮೇಲೆ ಏಳುತ್ತದೆ, ಹಸಿ ಸುಣ್ಣದ ಮೇಲೆ ಬೆರಳಲ್ಲಿ ಬರೆದ ಹಾಗೆ. ಒಂದು ಸಲ ಎದ್ದರೆ ಮುಗಿಯಿತು, ತಿದ್ದುವ ಹಾಗಿಲ್ಲ. ಗೋಡೆಯ ಬೇರೆ ಕಡೆ ಬಳಪದಲ್ಲಿ ಬರೆದಿಟ್ಟುಕೊಳ್ಳುತ್ತೇನೆ ಅಂದರೆ ಬೆಳಗಾಗುವುದರೊಳಗೆ ಗೋಡೆ ಅದನ್ನು ಕುಡಿದುಬಿಡುತ್ತದೆ.

ಮಾತು ಒಂದೇ ಗೆರೆಯಲ್ಲಿ ಬಲಕ್ಕೆ ಹರಿಯುತ್ತದೆ. ಪಕ್ಕದ ಮನೆ ಖಾಲಿ ಇದ್ದರೆ ಅದರ ಗೋಡೆಯ ಮೇಲೂ ನಡೆದುಕೊಂಡು ಹೋಗುತ್ತದೆ. ಪಕ್ಕದ ಮನೆಯೊಳಗೆ ಒಲೆ ಉರಿಯುತ್ತಿದ್ದರೆ ಗಡಿಗೆ ಬಂದು ಕತ್ತರಿಸಿದ ಹಾಗೆ ನಿಲ್ಲುತ್ತದೆ. ಖಾಲಿ ಮನೆಗೆ ಆಮೇಲೆ ಯಾರಾದರೂ ಬಂದು ಒಲೆ ಹಚ್ಚಿದರೂ ಅಷ್ಟೆ, ಆ ಗೋಡೆಯ ಮೇಲಿನದು ಮರೆಯಾಗುತ್ತದೆ. ಉಳಿದದ್ದು ಅಳಿಸಿಹೋಗುವುದಿಲ್ಲ, ಗೋಡೆಯೊಳಗೇ ಇರುತ್ತದೆ, ಕಾಣುವುದಿಲ್ಲ ಅಷ್ಟೆ ಅಂತ ಹಿರಿಯರು ಹೇಳುತ್ತಾರೆ. ಕಾಣದ ಮೇಲೆ ಇದ್ದರೆಷ್ಟು ಬಿಟ್ಟರೆಷ್ಟು. ಅದಕ್ಕೇ ನಮ್ಮವರು ಚಿಕ್ಕದಾಗಿ ಆಡುತ್ತಾರೆ, ಸಿಹಿಯನ್ನು ಮೊದಲು ಆಡುತ್ತಾರೆ, ಕಹಿ ಇದ್ದರೆ ಗಡಿಯಾಚೆಗೆ ಬಿಡುತ್ತಾರೆ. ನಮ್ಮತ್ತೆ ನಮ್ಮ ಮಾವನವರ ತಿಥಿಯಲ್ಲಿ "ಉಣ್ಣೋಕೆ ಕಡಿಮೆ ಮಾಡ್ಲಿಲ್ಲ" ಅಂದು ಸೆರಗು ಕೊಡವಿಕೊಂಡು ಒಳಗೆ ಹೋದರು. ಗೋಡೆಯಲ್ಲಿ ಇನ್ನೂ ಮುಕ್ಕಾಲು ಭಾಗ ಜಾಗ ಮಿಕ್ಕಿದೆ. ಮೇಲಿನ ಬೀದಿಯ ಸಾಹುಕಾರರ ಮಗ ಮಾತ್ರ ತನ್ನಪ್ಪನ ಹೊಗಳಿಕೆ ಒಂದಕ್ಷರವೂ ಕಾಣದೆ ಹೋಗಬಾರದು ಅಂತ ಹಟ ಹಿಡಿದು, ದನಿ ಇಳಿದರೆ ಅಕ್ಷರವೂ ಇಳಿಯುತ್ತದೆ ಅಂತ ಉಸಿರು ಬಿಗಿಹಿಡಿದು, ಪಿಸುಗುಟ್ಟುತ್ತಾ ಆಡಿದ. ಎಲ್ಲವೂ ಅವನ ಗೋಡೆಯೊಳಗೇ ಹಿಡಿಯಿತು ನಿಜ, ಆದರೆ ಅಕ್ಷರ ಸಾಸಿವೆ ಚೆಲ್ಲಿದ ಹಾಗಾಯಿತು. ಗೋಡೆಗೆ ಮೂಗು ತಿಕ್ಕಿದರೂ ಓದಲು ಬರುವುದಿಲ್ಲ.

ನಮ್ಮದು ಕೆಳಗಿನ ಸಾಲು. ನಾನು ಪುರಿ ಹುರಿಯುವವಳು, ಹೊನ್ನಮ್ಮ. ನನ್ನ ಮನೆಯ ಎಡಕ್ಕೆ ಬಡಗಿ ಕರಿಯಪ್ಪ ಬಿಟ್ಟುಹೋದ ಅಗಲವಾದ ಖಾಲಿ ಮನೆ. ಅದರಾಚೆ ಕುಂಬಾರ ಮುದ್ದಯ್ಯನದು. ಅವನನ್ನು ನಾನು ಅಣ್ಣಯ್ಯ ಅನ್ನುತ್ತಿದ್ದೆ. ಮುದ್ದಯ್ಯ ಬಾಯಿ ತೆರೆದದ್ದನ್ನು ಸಾಲಿನಲ್ಲಿ ಯಾರೂ ನೋಡಿರಲಿಲ್ಲ. ಅವನ ಪಾಲಿನ ಮಾತನ್ನೂ ಅವನ ಹೆಂಡತಿ ಅಕ್ಕಯ್ಯಮ್ಮನೇ ಆಡುತ್ತಿದ್ದಳು. ಸಂತೆಯಲ್ಲಿ ಯಾರಾದರೂ ಮಡಕೆ ಕುಟ್ಟಿ ನೋಡುತ್ತಾ "ಏನ್ ಮುದ್ದಯ್ಯ, ಸರಿಯಾಗಿ ಬೆಂದದಾ ಇದು?" ಅಂದರೆ, ಅವನು ತಲೆ ಎತ್ತುವುದರೊಳಗೆ ಅಕ್ಕಯ್ಯಮ್ಮ ಮೈಮೇಲೆ ಬೀಳುತ್ತಿದ್ದಳು: "ಬೇಯದೆ ಹಸಿ ಮಣ್ಣು ಹೊತ್ಕೊಂಡು ಬಂದಿದೀವಾ? ನಿಮ್ಮನೇಲಿ ಅನ್ನ ಹಂಗೇ ಉಣ್ತೀರಾ?" ಕೇಳಿದವರು ಮಡಕೆ ಕೊಂಡರೂ ಗೊಣಗಿಕೊಂಡೇ ಹೋಗುತ್ತಿದ್ದರು. ಬಾಯಿಬಡುಕಿ ಅಂತ ಅವಳಿಗೆ ಹೆಸರಾಗಿತ್ತು. ಪಾಪದ ಗಂಡ, ಬಾಯಿ ಸತ್ತವನು ಅಂತ ಅವನಿಗೆ.

ಅಕ್ಕಯ್ಯಮ್ಮ ಒಂದು ಬೇಸಿಗೆಯಲ್ಲಿ ಜ್ವರ ಬಂದು ತೀರಿಹೋದಳು. ಅವರಿಗೆ ಮಕ್ಕಳಿರಲಿಲ್ಲ. ತಿಥಿಯ ದಿವಸ ಗೋಡೆಯ ಮುಂದೆ ನಿಲ್ಲಬೇಕಾದವನು ಮುದ್ದಯ್ಯನೇ. ನಮ್ಮ ಸಾಲಿನ ಯಜಮಾನ ದೊಡ್ಡೇಗೌಡರು ಅವನ ಭುಜ ತಟ್ಟಿ, "ಪಕ್ಕದ ಮನೆ ಖಾಲಿ ಬಿದ್ದದೆ ಕಣಪ್ಪ, ಅಲ್ಲಿಗೆ ಇನ್ಯಾರು ಬತ್ತಾರೆ, ನಿಂಗೆ ತಿಳಿದಂಗೆ ಧಾರಾಳವಾಗಿ ಆಡು" ಅಂದರು. ಹಿಂದೆ ನಿಂತಿದ್ದ ಯಾರೋ "ಆಡೋದೇನು, ಆ ಅಂದ್ರೆ ಸಾಕು" ಅಂದರು. ನಾಲ್ಕು ಜನ ನಕ್ಕರು.

ಮುದ್ದಯ್ಯ ಬಾಯಿ ತೆರೆದ. ಗಂಟಲ ನರ ಉಬ್ಬಿತು. ಮಾತು ಬರಲಿಲ್ಲ. ಕತ್ತು ಒಂದು ಕಡೆಗೆ ವಾಲಿಸಿ, ಕಣ್ಣು ಮುಚ್ಚಿ, ಇ ಇ ಇ ಅಂತ ಒಂದೇ ಅಕ್ಷರದ ಮೇಲೆ ಜಗ್ಗಿದ, ಬಾವಿಯಿಂದ ತುಂಬಿದ ಕೊಡ ಜಗ್ಗುವ ಹಾಗೆ. ಆಗ ನಮಗೆಲ್ಲ ಗೊತ್ತಾಯಿತು. ಅವನ ಬಾಯಿ ಸತ್ತಿರಲಿಲ್ಲ, ಅವನಿಗೆ ತೊದಲಿತ್ತು. ಇಷ್ಟು ವರ್ಷ ಒಂದೇ ಬಾವಿಯ ನೀರು ಕುಡಿದ ನಮಗೆ ಅದು ಗೊತ್ತಿರಲಿಲ್ಲ. ನಕ್ಕವರು ಬಾಯಿ ಮೇಲೆ ಟವೆಲು ಇಟ್ಟುಕೊಂಡರು. ಎಲೆ ಎತ್ತಿದ ಮೇಲೆ ಶುರುವಾದದ್ದು ದನ ಮನೆಗೆ ಬರುವ ತನಕ ನಡೆಯಿತು. ಒಬ್ಬರೂ ಕದಲಲಿಲ್ಲ. ಗೋಡೆ ಮಾತ್ರ ಅವನ ತೊಡರನ್ನೆಲ್ಲ ಬಿಟ್ಟು ಮಾತನ್ನಷ್ಟೇ ಎತ್ತಿಕೊಂಡಿತು.

ಅವನ ಗೋಡೆಯ ಮೇಲೆ ಎದ್ದದ್ದು ಇಷ್ಟು: ಇವಳು ಬದುಕಿರೋ ತನಕ ನನ್ನ ಮಾತಾಡೋಕೆ ಬಿಡಲಿಲ್ಲ, ಸಂತೇಲೂ ಬಿಡಲಿಲ್ಲ, ನೆಂಟರ ಮುಂದೂ ಬಿಡಲಿಲ್ಲ. ಅಲ್ಲಿಗೆ ಅವನ ಗೋಡೆ ಮುಗಿದು ಕರಿಯಪ್ಪನ ಗೋಡೆ ಶುರುವಾಯಿತು. ಅದರ ಮೇಲೆ ಎದ್ದದ್ದು ಇದು: ಮದುವೆಯಾದ ಹೊಸದರಲ್ಲಿ ಪರಊರ ಸಂತೇಲಿ ನಾನು ಬಾಯಿ ತೆಗೆದು ಸಿಕ್ಕಿಕೊಂಡಾಗ ಜನ ನಕ್ಕಿದ್ದು ನೋಡಿ ಅವತ್ತು ಊಟ ಬಿಟ್ಟಳು, ಆಮೇಲೆ ಒಂದು ದಿವಸವೂ ಯಾರೂ ನನ್ನ ನೋಡಿ ನಗೋದಕ್ಕೆ ಎಡೆ ಕೊಡಲಿಲ್ಲ, ಬಾಯಿಬಡುಕಿ ಅನ್ನಿಸ್ಕೊಂಡಳು, ಜಗಳಗಂಟಿ ಅನ್ನಿಸ್ಕೊಂಡಳು, ತೊದಲ ಅನ್ನೋ ಹೆಸರು ನನಗೆ ಬರದ ಹಾಗೆ ನೋಡಿಕೊಂಡಳು, ಮನೆಗೆ ಬಂದು ಬಾಗಿಲು ಹಾಕಿದ ಮೇಲೆ ಮಾತ್ರ ನಾನು ಒಂದು ಮಾತು ಮುಗಿಸೋ ತನಕ ತುಟಿ ಬಿಚ್ಚದೆ ಒಲೆ ಮುಂದೆ ಕೂತಿರೋಳು, ಎಷ್ಟು ಹೊತ್ತಾದರೂ.

ನನ್ನ ಮನೆಯ ಗಡಿಗೆ ಇನ್ನೊಂದು ಗೇಣು ಇದೆ ಅನ್ನುವಾಗ ಕೊನೆಯ ಅಕ್ಷರ ನಿಂತಿತು. ಅಕ್ಕಯ್ಯಮ್ಮನಿಂದ ಬೈಸಿಕೊಳ್ಳದ ಹೆಂಗಸು ನಮ್ಮ ಸಾಲಿನಲ್ಲಿ ಒಬ್ಬಳೂ ಇರಲಿಲ್ಲ. ಅವತ್ತು ಅಳದವಳೂ ಒಬ್ಬಳಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಒಲೆ ಮುಂದೆ ಕೂತಿರುತ್ತಿದ್ದಳು ಅನ್ನುವುದನ್ನು ಮೊದಲು ಆಡುತ್ತಿದ್ದರು. ಮುದ್ದಯ್ಯನಿಗೆ ಆಡಿ ರೂಢಿಯಿಲ್ಲ. ನಡೆದದ್ದನ್ನು ನಡೆದ ಸರದಿಯಲ್ಲೇ ಹೇಳಿಬಿಟ್ಟ.

ಆಮೇಲೆ ಅವನು ತಿಗರಿಯನ್ನು ಬೀದಿ ಬಾಗಿಲಿಗೆ ತಂದು ಹಾಕಿಕೊಂಡ. ಮಡಕೆ ತಿರುಗಿಸುತ್ತಾ ಆಗಾಗ ಕತ್ತೆತ್ತಿ ಆ ಗೋಡೆಯಿಂದ ಈ ಗೋಡೆಗೆ ನೋಡುತ್ತಿದ್ದ. ಹಬ್ಬಕ್ಕೆ ಮುಂಚೆ ನಾವೆಲ್ಲ ನಮ್ಮ ನಮ್ಮ ಮನೆ ಸಾರಿಸಿದರೆ, ಅವನು ಕರಿಯಪ್ಪನ ಮನೆಯ ಜಗಲಿಯನ್ನೂ ಸಾರಿಸುತ್ತಿದ್ದ. ಕೆಲವು ವರ್ಷ ಹೀಗೇ ಕಳೆಯಿತು.

ಒಂದು ವರ್ಷ ಹೊಳೆ ತನ್ನ ದಡ ತಾನೇ ತಿಂದು, ಆಚೆ ದಂಡೆಯ ಜನ ಗಂಟುಮೂಟೆ ಹೊತ್ತು ನಮ್ಮೂರಿಗೆ ಬಂದರು. ಖಾಲಿ ಮನೆಯನ್ನು ಕೇಳಿ ಬಂದವರಿಗೆ ಇಲ್ಲ ಅನ್ನುವ ಪದ್ಧತಿ ನಮ್ಮಲ್ಲಿಲ್ಲ. ಆದರೆ ಆ ಮನೆಯ ಗೋಡೆ ಮೇಲೆ ಯಾರ ಮಾತು ಮಲಗಿದೆಯೋ ಅವರನ್ನು ಒಂದು ಮಾತು ಕೇಳಬೇಕು. ದೊಡ್ಡೇಗೌಡರು ಒಬ್ಬ ಹುಡುಗನನ್ನೂ ಅವನ ಹೆಂಡತಿಯನ್ನೂ ಕರೆದುಕೊಂಡು ಮುದ್ದಯ್ಯನ ಬಾಗಿಲಿಗೆ ಬಂದರು. ಹುಡುಗನ ಹೆಸರು ಜವರ. ಹೆಂಡತಿ ಚಿಕ್ಕತಾಯಿ, ತುಂಬಿದ ಬಸುರಿ. ಗೌಡರು ಮುದ್ದಯ್ಯನ ಮುಖ ನೋಡಲಾರದೆ ತಿಗರಿಯನ್ನು ನೋಡುತ್ತಾ ಅಂದರು: "ಅವತ್ತು ನಾನೇ ಧಾರಾಳವಾಗಿ ಆಡು ಅಂದಿದ್ದೆ ಕಣಪ್ಪ. ಹಿಂಗಾಯ್ತದೆ ಅಂತ ಯಾರಿಗೆ ಗೊತ್ತಿತ್ತು."

ಮುದ್ದಯ್ಯ ಗೋಡೆ ನೋಡಿದ. ಚಿಕ್ಕತಾಯಿ ಗೋಡೆಗೆ ಬೆನ್ನು ಕೊಟ್ಟು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಅವಳ ಕಾಲು ಊದಿತ್ತು. ಅವನು ತುಂಬಾ ಹೊತ್ತು ಗಂಟಲಲ್ಲಿ ಜಗ್ಗಾಡಿ "ಬ... ಬ... ಬರ್ಲಿ" ಅಂದ.

ಅವರು ಬಂದರು. ಆದರೆ ಆ ಹುಡುಗಿಯ ಗುಣ ನೋಡಿ. ಮೊದಲ ದಿವಸ ನನ್ನ ಹತ್ತಿರ ಬಂದು, "ಅಕ್ಕಾ, ಈ ಗೋಡೆ ಮೇಲಿರಾದು ಏನು, ಓದಿ ಹೇಳು" ಅಂದಳು. ಓದಿ ಹೇಳಿದೆ. ಒಳಗೆ ಹೋಗಿ, ಕರಿಯಪ್ಪನ ಕಾಲದ ಒಲೆಗುಂಡಿಯ ಮೇಲೆ ಒಂದು ಮೊರ ಬೋರಲು ಹಾಕಿ, ಮೂರು ಕಲ್ಲು ಹುಡುಕಿ ತಂದು ಅಂಗಳದಲ್ಲಿ ಅಡಿಗೆಗೆ ಇಟ್ಟಳು. ಒಳಗೆ ಒಲೆ ಹಚ್ಚದಿದ್ದರೆ ಮನೆ ಖಾಲಿ ಇದ್ದ ಲೆಕ್ಕವೇ ತಾನೆ. ಗೋಡೆ ಮೇಲಿನ ಮಾತು ಹಾಗೇ ಉಳಿಯಿತು. ಜವರ ಗೊಣಗಿದ: "ಗಾಳಿಗೆ ಮುದ್ದೆ ಬೇಯಲ್ಲ, ಬೂದಿ ಬೀಳ್ತದೆ. ಮಾತು ತಿಂದು ಬದುಕಕ್ಕಾಯ್ತದಾ ಕಣೆ?" ಚಿಕ್ಕತಾಯಿ ಅಂದಳು: "ನಿಂಗೆ ಗಂಟಲಲ್ಲಿ ಇಳೀದಿದ್ರೆ ಬಿಡು, ನಾಯಿಗೆ ಹಾಕ್ತೀನಿ. ಆ ಯಮ್ಮನ ಹೆಸರು ಕೆಡಿಸಿ ನಾನು ಉಣ್ಣಾಕಿಲ್ಲ."

ಮಳೆಗಾಲ ಹತ್ತಿರ ಬರುತ್ತಿತ್ತು. ಏನಾದರೂ ಮಾಡಬೇಕು ಅಂತ ಸಾಲಿನವರು ಸೇರಿದೆವು. ಇದಕ್ಕೆ ಒಂದು ದಾರಿ ಉಂಟು. ಗೋಡೆಯನ್ನು ಮೇಲಕ್ಕೆ ಏರಿಸಿದರೆ ಮಾತು ಪಕ್ಕಕ್ಕೆ ಹೋಗದೆ ಮಡಚಿಕೊಂಡು ಅದೇ ಗೋಡೆಯಲ್ಲಿ ಗೆರೆ ಕೆಳಗೆ ಗೆರೆಯಾಗಿ ನಿಲ್ಲುತ್ತದೆ. ಆದರೆ ಒಬ್ಬನ ಗೋಡೆ ಏರಿಸುವ ಹಾಗಿಲ್ಲ, ಏರಿಸಿದರೆ ಇಡೀ ಸಾಲು ಏರಿಸಬೇಕು. ಒಂದೇ ತೊಲೆ ಕಟ್ಟಿದ ಸೂರು. ನಮ್ಮತ್ತೆ "ಅಷ್ಟೆತ್ತರದ ಗೋಡೆ ಮೇಲೆ ನಂದೊಂದು ಮಾತು ಬರೀ ಕಣದಲ್ಲಿ ಕಾಗೆ ಕೂತಂಗೆ ಕಾಣ್ತದೆ" ಅಂದರು. ಆಮೇಲೆ "ಕಂಡ್ರೆ ಕಾಣ್ಲಿ, ಏರಿಸಿ" ಅಂತಲೂ ಅಂದರು. ಎಲ್ಲರೂ ಒಪ್ಪಿದೆವು. ಗಾರೆ ಕೆಲಸದ ವೆಂಕಟಪ್ಪ ಬಂದು ಗೋಡೆಗಳನ್ನು ಗುದ್ದಿ ನೋಡಿ, ಉಗುರಲ್ಲಿ ಮಣ್ಣು ಕೆರೆದು, ತಲೆಯಾಡಿಸಿದ. "ಹೂಳುಮಣ್ಣಿನ ಗೋಡೆ ಇವು. ಇದರ ಮೇಲೆ ಇನ್ನೊಂದು ಮೊಳ ಹೇರಿದ್ರೆ ಮೊದಲನೇ ಮಳೆಗೇ ಕೂತ್ಕೊಳ್ತವೆ. ನಿಮ್ಮ ಮಕ್ಕಳ ಮೇಲೆ ಬೀಳ್ತವೆ. ನಾನಂತೂ ಕೈ ಹಾಕಾಕಿಲ್ಲ."

ಮುದ್ದಯ್ಯ ಆ ಸಭೆಗೆ ಬಂದಿರಲಿಲ್ಲ. ನಾನು ಹೋಗಿ ಹೇಳಿದೆ. ಅವನು ಹೂಂ ಅಂತ ಕೈಯ ಮಣ್ಣು ತೊಳೆದುಕೊಂಡ.

ಜಡಿಮಳೆ ಹಿಡಿದ ಮೂರನೆಯ ದಿವಸ ಬೆಳಿಗ್ಗೆ ಚಿಕ್ಕತಾಯಿಗೆ ಹೆರಿಗೆಯಾಯಿತು. ಹೆಣ್ಣು ಕೂಸು. ಹುಟ್ಟಿದಾಗಲೇ ಮೈ ನೀಲಿ, ಅತ್ತರೆ ಬೆಕ್ಕಿನ ಮರಿಯ ದನಿ. ನಾನೂ ನಮ್ಮತ್ತೆಯೂ ಒಳಗಿದ್ದೆವು. ಬಾಣಂತಿಗೆ ಬಿಸಿನೀರು ಬೇಕು, ಕೂಸಿಗೆ ಕಾವು ಬೇಕು. ಅಂಗಳದ ಮೂರು ಕಲ್ಲು ನೀರಲ್ಲಿ ಮುಳುಗಿತ್ತು. ನಾನು ನಮ್ಮನೆಯಿಂದ ಒಂದು ಕೊಡ ಬಿಸಿನೀರು ತಂದೆ, ತರುವುದರೊಳಗೆ ಆರಿಹೋಗಿತ್ತು. ಕೂಸನ್ನು ನಮ್ಮನೆಗೆ ಒಯ್ಯೋಣ ಅಂದರೆ ಆ ಮಳೆಯಲ್ಲಿ ಹೊಸಿಲು ದಾಟಿಸುವ ಹಾಗಿರಲಿಲ್ಲ. ನಮ್ಮತ್ತೆ ಬೋರಲು ಹಾಕಿದ್ದ ಮೊರದ ಕಡೆ ನೋಡಿದರು, ನನ್ನನ್ನು ನೋಡಿದರು. ಜವರ "ಹಚ್ಚುಬುಡ್ತೀನಿ ಕಣವ್ವ, ಯಾರಾದ್ರೂ ಏನಾದ್ರೂ ಅಂದ್ಕೊಳ್ಲಿ" ಅಂದ. ಚಿಕ್ಕತಾಯಿ ಮಲಗಿದ್ದಲ್ಲಿಂದಲೇ "ಬ್ಯಾಡ, ಮೊದಲು ಆ ತಾತನ್ನ ಒಂದು ಮಾತು ಕೇಳು" ಅಂದಳು.

ಕೇಳುವ ಮೊದಲೇ ಬಾಗಿಲಲ್ಲಿ ಮುದ್ದಯ್ಯ ನಿಂತಿದ್ದ. ತಲೆಗೆ ಗೋಣಿಕೊಪ್ಪೆ. ಕೈಯಲ್ಲಿ ಒಡೆದ ಮಡಕೆಯ ಒಂದು ಬೋಕಿ, ಅದರ ತುಂಬ ಅವನ ಒಲೆಯ ಕೆಂಡ. ಮೇಲೆ ಇನ್ನೊಂದು ಬೋಕಿ ಮುಚ್ಚಿ, ಎದೆಗವುಚಿ ಹಿಡಿದು ತಂದಿದ್ದ. ಅವನು ಯಾರ ಮುಖವನ್ನೂ ನೋಡಲಿಲ್ಲ. ಮೊರ ಸರಿಸಿ, ಮೊಣಕಾಲೂರಿ, ಕೆಂಡ ಸುರಿದು, ತೆಂಗಿನ ನಾರಿಟ್ಟು ಊದಿದ. ಒದ್ದೆ ಸೌದೆ ಹೊಗೆ ಕಾರಿತು. ಕಣ್ಣಲ್ಲಿ ನೀರು ಬಂತು, ಎಲ್ಲರಿಗೂ ಬಂತು. ಮತ್ತೆ ಮತ್ತೆ ಊದಿದ. ಉರಿ ಹತ್ತಿತು. ತಾನೇ ಮಾಡಿದ ಒಂದು ಗುಡಾಣ ತಂದು ನೀರು ತುಂಬಿ ಒಲೆ ಮೇಲಿಟ್ಟು ಹೊರಟ. ನಾನು ಅವನ ಹಿಂದೆಯೇ ಬಂದೆ.

ಬೀದಿಯಲ್ಲಿ ಮಳೆ ಹೊಡೆಯುತ್ತಿತ್ತು. ಕರಿಯಪ್ಪನ ಗೋಡೆ ಬರಿದಾಗಿತ್ತು. ಎಂದೂ ಏನೂ ಇರಲಿಲ್ಲವೇನೋ ಅನ್ನುವ ಹಾಗೆ ಬರಿದು. ಮುದ್ದಯ್ಯ ತನ್ನ ಗೋಡೆಯ ಕೊನೆಗೆ ಬಂದು, ಮಾತು ನಿಂತ ಜಾಗದ ಮೇಲೆ ಅಂಗೈಯಿಟ್ಟು, ಕೈಯನ್ನು ಹಾಗೇ ಪಕ್ಕದ ಗೋಡೆಗೆ ಜಾರಿಸಿದ. ಒಳಗೆ ಕೂಸು ಬಲವಾಗಿ ಅತ್ತಿತು. ಅವನು ಕೈ ತೆಗೆದ.

ನಮ್ಮ ಸಾಲಿನವರಿಗೆ ಪೂರ್ತಿ ಮಾತು ಗೊತ್ತಿತ್ತು. ಆದರೆ ಊರು ಅಂದರೆ ಒಂದು ಸಾಲೇ? ಸಂತೆಗೆ ಬರುವವರು, ಹೊಸದಾಗಿ ಬಂದ ಸೊಸೆಯಂದಿರು, ಆಮೇಲೆ ಹುಟ್ಟಿದ ಮಕ್ಕಳು, ಎಲ್ಲರೂ ಕಂಡದ್ದನ್ನೇ ಓದಿದರು. ಇವಳು ಬದುಕಿರೋ ತನಕ ನನ್ನ ಮಾತಾಡೋಕೆ ಬಿಡಲಿಲ್ಲ. ಓದಿ ಲೊಚಗುಟ್ಟಿದರು. "ಎಂಥಾ ಹೆಂಡ್ತಿ ಕಟ್ಕೊಂಡಿದ್ದನಪ್ಪಾ, ಅವ್ಳು ಸತ್ತ ಮೇಲೆ ಬಾಯಿ ಬಂದದೆ ಪಾಪ." ಬಾವಿಕಟ್ಟೆಯಲ್ಲಿ ಅತ್ತೆ ಸೊಸೆಗೆ ಬೈಯುವಾಗ "ಅಕ್ಕಯ್ಯಮ್ಮನ ಚಾಳಿ ತೋರಿಸ್ಬ್ಯಾಡ" ಅನ್ನುವುದು ರೂಢಿಗೆ ಬಂತು. ಅಂದವಳು ಅಕ್ಕಯ್ಯಮ್ಮನನ್ನು ನೋಡಿರಲೂ ಇಲ್ಲ.

ಒಂದು ಸಂತೆಯ ದಿವಸ ಇಬ್ಬರು ಎಮ್ಮೆ ವ್ಯಾಪಾರದವರು ಗೋಡೆ ಮುಂದೆ ನಿಂತು ಓದಿ ನಕ್ಕರು. ಮುದ್ದಯ್ಯ ತಿಗರಿ ಬಿಟ್ಟು ಎದ್ದ. ಮಣ್ಣಿನ ಕೈಯಲ್ಲೇ ಬಂದು ಅವರ ಎದುರು ನಿಂತ. "ಅ... ಅ... ಅದು ಅಷ್ಟೇ ಅಲ್ಲ." ಅವರು ಮುಖ ಮುಖ ನೋಡಿಕೊಂಡರು. ಅವನು ಕತ್ತು ವಾಲಿಸಿ, ಕಣ್ಣು ಮುಚ್ಚಿ, ಮಿಕ್ಕದ್ದನ್ನು ಹೇಳತೊಡಗಿದ. ಒಬ್ಬನಿಗೆ ನಗು ತಡೆಯಲಾಗಲಿಲ್ಲ, ಅವನ ಹಾಗೆಯೇ ಮ ಮ ಮ ಅಂತ ಅಣಕಿಸಿದ. ಮುದ್ದಯ್ಯ ನಿಲ್ಲಿಸಲಿಲ್ಲ. ಅವರು ಎಮ್ಮೆ ಹೊಡೆದುಕೊಂಡು ಹೋದ ಮೇಲೂ, ಮಾತು ಮುಗಿಯುವ ತನಕ, ಬರೀ ಬೀದಿಗೆ ಹೇಳಿ ಮುಗಿಸಿ ಬಂದು ಕೂತ.

ಅಲ್ಲಿಂದ ಮುಂದೆ ಅವನದು ಅದೇ ಕೆಲಸವಾಯಿತು. ಯಾರು ಗೋಡೆ ಮುಂದೆ ನಿಂತರೂ ಎದ್ದು ಬಂದು ಮಿಕ್ಕದ್ದು ಹೇಳುವುದು. ತೊದಲ ಮುದ್ದಯ್ಯ ಅಂತ ಹೆಸರು ಬಿತ್ತು. ಮಕ್ಕಳು ಅವನನ್ನು ಎಬ್ಬಿಸುವುದಕ್ಕೆಂದೇ ಗೋಡೆ ಮುಂದೆ ನಿಂತು ಓದುವ ಹಾಗೆ ನಟಿಸುತ್ತಿದ್ದರು. ಗೊತ್ತಿದ್ದೂ ಏಳುತ್ತಿದ್ದ. ಚಿಕ್ಕತಾಯಿ ಕಸಬರಿಕೆ ಹಿಡಿದು ಅಟ್ಟಿಸಿಕೊಂಡು ಹೋಗುತ್ತಿದ್ದಳು: "ನಿಮ್ಮಪ್ಪನ ಗೋಡೆ ಮೇಲೆ ಏನೇಳ್ತದೋ ನೋಡೇ ಸಾಯ್ತೀನಿ ನಾನು!" ಒಂದು ಸಲ ನಾನೇ ಅಂದೆ: "ಅಣ್ಣಯ್ಯ, ನಿನ್ನ ಬದಲು ನಾನು ಹೇಳ್ತೀನಿ ಬಿಡು, ನಂಗೆ ಬಾಯಿಪಾಠ ಅದೆ." ಅವನು ತಲೆಯಾಡಿಸಿದ. "ಇ... ಇಷ್ಟು ದಿನ ಅವ್ಳು ಹೇಳಿದ್ಲಲ್ಲ," ಅಂದ.

ಹೀಗೆ ಎಷ್ಟೋ ಕಾಲ ಹೋಯಿತು. ಅವನ ಕೈ ನಡುಗಿ ಮಡಕೆ ಸೊಟ್ಟಗಾಗತೊಡಗಿದವು. ಆಮೇಲೆ ತಿಗರಿ ನಿಂತಿತು. ಅನ್ನ ಚಿಕ್ಕತಾಯಿಯ ಮನೆಯಿಂದ ಬರುತ್ತಿತ್ತು, ಅವನು ಹಚ್ಚಿದ ಒಲೆಯದೇ. ಮಿಕ್ಕ ಮಾತಿನಲ್ಲಿ ಮೊದಲು ಒಂದೊಂದು ಎಳೆ ಜಾರಿತು. ಸಂತೆಯಲ್ಲಿ ನಕ್ಕದ್ದು ಹೇಳಿದರೆ ಊಟ ಬಿಟ್ಟದ್ದು ಮರೆಯುತ್ತಿದ್ದ. ಊಟ ಬಿಟ್ಟದ್ದು ಹೇಳಿ, ಯಾಕೆ ಬಿಟ್ಟಳು ಅಂತ ತಾನೇ ನಿಂತು ಯೋಚಿಸುತ್ತಿದ್ದ. ತೊದಲಿಗೆ ನಿಂತನೋ ಮರೆವಿಗೆ ನಿಂತನೋ ಅಂತ ಕೇಳುವವರಿಗೆ ತಿಳಿಯುತ್ತಿರಲಿಲ್ಲ. ಕಾದು ಕಾದು ಹೋಗುತ್ತಿದ್ದರು. ಒಂದು ದಿವಸ ದಾರಿಹೋಕ ಹೆಂಗಸೊಬ್ಬಳು ಗೋಡೆ ಓದುತ್ತಾ ನಿಂತಳು. ಮುದ್ದಯ್ಯ ಜಗಲಿ ಬಿಟ್ಟು ಏಳಲೇ ಇಲ್ಲ. ಅವಳ ಜೊತೆ ತಾನೂ ಗೋಡೆ ಓದುತ್ತಾ ಕೂತಿದ್ದ.

ಅವಳು ಹೋದ ಮೇಲೆ ನಾನು ಪುರಿ ಮೂಟೆ ಇಳಿಸಿ ಹೋಗಿ ಪಕ್ಕದಲ್ಲಿ ಕೂತೆ. "ಯಾಕಣ್ಣಯ್ಯ, ಹೇಳ್ಲಿಲ್ವಲ್ಲ ಇವತ್ತು?"

"ಏ... ಏನು?"

"ಮಿಕ್ಕದ್ದು."

ಅವನು ನನ್ನನ್ನೇ ನೋಡಿದ. ಆಗ ನಾನೇ ಹೇಳಿದೆ. ಮೊದಲಿನಿಂದ, ಅವನು ಆಡಿದ ಸರದಿಯಲ್ಲೇ ಹೇಳಿದೆ. ಒಬ್ಬ ಹೊಸ ಮದುವೆಗಂಡು ಸಂತೆಯಲ್ಲಿ ಬಾಯಿ ತೆಗೆದು ಸಿಕ್ಕಿಕೊಂಡದ್ದು, ಜನ ನಕ್ಕದ್ದು, ಅವನ ಹೆಂಡತಿ ಊಟ ಬಿಟ್ಟದ್ದು, ಊರೆಲ್ಲ ಅವಳನ್ನು ಬಾಯಿಬಡುಕಿ ಅಂದದ್ದು, ಬಾಗಿಲು ಹಾಕಿದ ಮೇಲೆ ಒಲೆ ಮುಂದೆ ತುಟಿ ಬಿಚ್ಚದೆ ಅವನ ಮಾತಿಗಾಗಿ ಕೂತಿರುತ್ತಿದ್ದದ್ದು. ಮುದ್ದಯ್ಯ ಗಲ್ಲಕ್ಕೆ ಕೈಕೊಟ್ಟು ಕೇಳಿದ. ಅವನ ಕಣ್ಣು ತುಂಬಿ ಬಂತು. ಪಂಚೆಯ ತುದಿಯಲ್ಲಿ ಒರೆಸಿಕೊಂಡ.

"ಒ... ಒಳ್ಳೆ ಹೆಂಗ್ಸು," ಅಂದ. "ಯಾ... ಯಾರ ಹೆಂಡ್ತಿ?"

"ನಿನ್ನ ಹೆಂಡ್ತಿ ಕಣಣ್ಣಯ್ಯ. ಅಕ್ಕಯ್ಯಮ್ಮ."

ಅವನು ಸಣ್ಣ ಮಕ್ಕಳ ತಪ್ಪು ತಿದ್ದುವವರ ಹಾಗೆ ನಕ್ಕು ತಲೆಯಾಡಿಸಿದ. ಗೋಡೆ ಹಿಡಿದುಕೊಂಡು ಎದ್ದು, ಮೊದಲನೆಯ ಅಕ್ಷರದ ಮೇಲೆ ಬೆರಳಿಟ್ಟು, ಗೆರೆ ನಿಂತ ಜಾಗದ ತನಕ ಎಳೆದ.

"ಅಲ್ಲ ಹೊನ್ನವ್ವ. ನನ್ನ ಹೆಂಡ್ತಿ ಇವಳು. ಮಾತಾಡೋಕೆ ಬಿಡಲಿಲ್ಲ."

ಒಂದಕ್ಷರವೂ ತೊಡರಲಿಲ್ಲ.